ಇಂಗ್ಲಿಷಿನ ಬೈ (by) ಮತ್ತು ಅಂಟಿಲ್ (until): ಯಾವಾಗ ಯಾವುದು? ಕರಾವಳಿಯ ಉದಾಹರಣೆಗಳೊಂದಿಗೆ ಸಮಗ್ರ ಮಾರ್ಗದರ್ಶಿ

"ಐ ವಿಲ್ ಸೆಂಡ್ ದ ಫೈಲ್ ಅಂಟಿಲ್ ಮಂಡೇ."

ಮಂಗಳೂರಿನ ಆಫೀಸುಗಳಿಂದ ಹೊರಡುವ ಮೇಲ್‌ಗಳಲ್ಲಿ ಈ ಥರದ ವಾಕ್ಯ ಆಗಾಗ ಕಾಣಸಿಗುತ್ತದೆ. ಬರೆದವರ ಮನಸ್ಸಿನಲ್ಲಿ ಇರುವುದು, ಸೋಮವಾರದೊಳಗೆ ಫೈಲ್ ಕಳಿಸುತ್ತೇನೆ ಎಂದು. ಅದಕ್ಕೆ ‘ಬೈ ಮಂಡೇ’ ಎನ್ನಬೇಕಿತ್ತು. ವಾಕ್ಯ ಹೇಳುವುದು ಬೇರೆ: ಸೋಮವಾರದ ತನಕ ಆ ಫೈಲನ್ನು ಕಳಿಸುತ್ತಲೇ ಇರುತ್ತೇನೆ, ಆಮೇಲೆ ನಿಲ್ಲಿಸುತ್ತೇನೆ. ಎದುರಿನವರು ನಮ್ಮೂರಿನವರೇ ಆದರೆ ಅರ್ಥ ಮಾಡಿಕೊಳ್ಳುತ್ತಾರೆ. ದುಬೈಯ ಕಂಪನಿಯವರೋ ಲಂಡನ್ನಿನ ಗ್ರಾಹಕರೋ ಆದರೆ ಇನ್ನೊಂದು ಮೇಲ್ ಬರುತ್ತದೆ. ಯಾವಾಗ ಕಳಿಸುತ್ತೀರಿ, ಸರಿಯಾಗಿ ಹೇಳಿ ಅಂತ.

ಇಂಗ್ಲಿಷಿನಲ್ಲಿ ಎಷ್ಟೋ ಸಣ್ಣ ತಪ್ಪುಗಳನ್ನು ಜನ ಮನ್ನಿಸುತ್ತಾರೆ. ‘ಎ’ ಬರೆಯಬೇಕಾದಲ್ಲಿ ‘ದ’ ಬರೆದರೆ ಸಾಮಾನ್ಯವಾಗಿ ಯಾರಿಗೂ ನಷ್ಟವಿಲ್ಲ. ಆದರೆ ಬೈ ಮತ್ತು ಅಂಟಿಲ್ ಕೂರುವುದು ದಿನಾಂಕದ ಪಕ್ಕದಲ್ಲಿ. ಫೀಸು ಕಟ್ಟುವ ಕೊನೆಯ ದಿನ, ಲ್ಯಾಬ್ ರಿಪೋರ್ಟ್ ಸಿಗುವ ದಿನ, ಕೆಲಸಕ್ಕೆ ಸೇರಬೇಕಾದ ದಿನ, ಎಲ್ಲ ಇವುಗಳ ಮೇಲೆ ನಿಂತಿವೆ. ಹಾಗಾಗಿ ಕೆಲಸ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರು ಬೇರೆ ಏನನ್ನು ಮುಂದಕ್ಕೆ ಹಾಕಿದರೂ ಇದನ್ನು ಮೊದಲು ಕಲಿಯಬೇಕು ಎಂದು ನನಗೆ ಅನಿಸುತ್ತದೆ. ಕಲಿಯುವುದು ಕಷ್ಟವೂ ಅಲ್ಲ. ಇದಕ್ಕೆ ಬೇಕಾದ ಅರ್ಧ ತಿಳಿವಳಿಕೆ ಕನ್ನಡದಲ್ಲೇ ಉಂಟು.

ಮೊದಲಿಗೆ ಒಂದು ಸಣ್ಣ ವಿಷಯ ಮುಗಿಸೋಣ. ಟಿಲ್ ಮತ್ತು ಅಂಟಿಲ್ ಎರಡಕ್ಕೂ ಅರ್ಥ ಒಂದೇ. ಟಿಲ್ ಎಂಬುದು ಅಂಟಿಲ್ ಪದವನ್ನು ಕತ್ತರಿಸಿ ಮಾಡಿದ್ದು ಎಂದು ತುಂಬ ಜನ ನಂಬಿದ್ದಾರೆ. ನಿಜಕ್ಕೂ ಟಿಲ್ ಹಳೆಯದು, ಅಂಟಿಲ್ ಆಮೇಲೆ ಬಂದದ್ದು. ಮಾತಿನಲ್ಲಿ ಟಿಲ್ ಜಾಸ್ತಿ, ಬರವಣಿಗೆಯಲ್ಲಿ ಅಂಟಿಲ್ ಜಾಸ್ತಿ. ಸ್ಪೆಲ್ಲಿಂಗ್ ಮಾತ್ರ ಜಾಗ್ರತೆ: ಟಿಲ್ ಕೊನೆಗೆ ಎರಡು ಎಲ್, ಅಂಟಿಲ್ ಕೊನೆಗೆ ಒಂದೇ ಎಲ್. ಇಲ್ಲಿಂದ ಮುಂದೆ ಅಂಟಿಲ್ ಎಂದು ಬರೆದ ಕಡೆಯಲ್ಲೆಲ್ಲ ಟಿಲ್ ಕೂಡ ಸೇರಿದೆ ಎಂದುಕೊಳ್ಳಿ.

ಹೆಜ್ಜೆ 1: ದಿನಾಂಕ ಬಿಡಿ, ಕ್ರಿಯಾಪದ ನೋಡಿ

ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಸೋಮವಾರ, ಐದು ಗಂಟೆ, 31ನೇ ತಾರೀಕು ಎಂದು ಕಂಡ ಕೂಡಲೇ ಅದರ ಜೊತೆ ಯಾವ ಪದ ಹಾಕಲಿ ಎಂದು ಯೋಚಿಸುತ್ತಾರೆ. ದಿನಾಂಕ ಇದಕ್ಕೆ ಉತ್ತರ ಹೇಳುವುದಿಲ್ಲ. ಮಂಡೇ ಜೊತೆ ಬೈ ಕೂಡ ಬರುತ್ತದೆ, ಅಂಟಿಲ್ ಕೂಡ ಬರುತ್ತದೆ. ಉತ್ತರ ಇರುವುದು ಕ್ರಿಯಾಪದದಲ್ಲಿ.

ಕನ್ನಡದಲ್ಲಿ ಇದನ್ನು ಪರೀಕ್ಷೆ ಮಾಡಲು ಎರಡು ಪದ ಸಾಕು: ‘ಇರು’ ಮತ್ತು ‘ಬಿಡು’. ನೀವು ಹೇಳಬೇಕೆಂದಿರುವ ಕೆಲಸದ ಪದದ ಕೊನೆಗೆ ಮೊದಲು ‘ಇರು’ ಸೇರಿಸಿ ನೋಡಿ, ಆಮೇಲೆ ‘ಬಿಡು’ ಸೇರಿಸಿ ನೋಡಿ.

‘ಸೋಮವಾರದ ತನಕ ಕಾಯುತ್ತಾ ಇರು.’ ಸರಿಯಾಗಿ ಕೂತಿತು. ‘ಸೋಮವಾರದೊಳಗೆ ಕಾದುಬಿಡು.’ ಯಾರೂ ಹೀಗೆ ಹೇಳುವುದಿಲ್ಲ. ಹಾಗಾದರೆ ವೇಟ್ ಎಂಬ ಕ್ರಿಯಾಪದಕ್ಕೆ ಅಂಟಿಲ್.

‘ಸೋಮವಾರದೊಳಗೆ ಫೀಸು ಕಟ್ಟಿಬಿಡು.’ ಸರಿಯಾಗಿ ಕೂತಿತು. ‘ಸೋಮವಾರದ ತನಕ ಫೀಸು ಕಟ್ಟುತ್ತಾ ಇರು.’ ನೀವು ಹೇಳಬೇಕೆಂದದ್ದು ಇದಲ್ಲ. ಹಾಗಾದರೆ ಪೇ ಎಂಬ ಕ್ರಿಯಾಪದಕ್ಕೆ ಬೈ.

‘ಇರು’ ಹೊಂದಿದರೆ ಆ ಕೆಲಸವೋ ಸ್ಥಿತಿಯೋ ಆ ಸಮಯದ ತನಕ ಎಡೆಬಿಡದೆ ನಡೆಯುತ್ತದೆ. ಅದು ಅಂಟಿಲ್. ‘ಬಿಡು’ ಹೊಂದಿದರೆ ಕೆಲಸ ಒಂದು ಸಲ ಆಗಿ ಮುಗಿಯುತ್ತದೆ. ಆ ಸಮಯಕ್ಕಿಂತ ಮೊದಲು ಯಾವಾಗ ಬೇಕಾದರೂ ಆಗಬಹುದು, ಆ ಸಮಯ ದಾಟಬಾರದು, ಅಷ್ಟೇ. ಅದು ಬೈ.

ವೇಟ್, ಸ್ಟೇ, ವರ್ಕ್, ಸ್ಲೀಪ್, ಲಿವ್, ಕಂಟಿನ್ಯೂ, ರಿಮೇನ್ ಇವೆಲ್ಲ ಸಾಮಾನ್ಯವಾಗಿ ‘ಇರು’ ಗುಂಪಿಗೆ ಸೇರುತ್ತವೆ. ಓಪನ್, ವ್ಯಾಲಿಡ್ ಎಂಬ ಸ್ಥಿತಿಗಳೂ ಅಷ್ಟೇ. ಫಿನಿಶ್, ಸಬ್‌ಮಿಟ್, ರೀಚ್, ರಿಟರ್ನ್, ಪೇ, ಸೆಂಡ್, ರಿಪ್ಲೈ, ಡಿಸೈಡ್ ಇವು ‘ಬಿಡು’ ಗುಂಪು. ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಹೊಸ ಕ್ರಿಯಾಪದ ಬಂದಾಗ ಪಟ್ಟಿ ಕೈ ಕೊಡುತ್ತದೆ, ಪರೀಕ್ಷೆ ಕೈ ಕೊಡುವುದಿಲ್ಲ.

ಹೆಜ್ಜೆ 2: ಒಂದೇ ಕ್ಯಾಲೆಂಡರಿನಲ್ಲಿ ಎರಡನ್ನೂ ಹಾಕಿ ನೋಡಿ

ಅಭ್ಯಾಸಕ್ಕೆ ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಅದು. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಆಗ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ.

ಒಂದು ಕಾಗದದ ಮೇಲೆ ಗೆರೆ ಎಳೆಯಿರಿ. ಎಡಗಡೆ ಮೇ 31, ಬಲಗಡೆ ಜುಲೈ 31 ಎಂದು ಗುರುತು ಹಾಕಿ. ಈಗ ಒಂದೊಂದೇ ವಾಕ್ಯ ಬರೆಯೋಣ.

ಬೋಟುಗಳು ನಿಷೇಧಕ್ಕೆ ಮೊದಲು ವಾಪಸು ಬಂದಿರಬೇಕು. ಒಂದು ಬೋಟು ಮೇ 25ಕ್ಕೆ ಬರಬಹುದು, ಇನ್ನೊಂದು 30ಕ್ಕೆ ಬರಬಹುದು. ಬರುವುದು ಒಂದು ಸಲದ ಕೆಲಸ, ‘ಬಂದುಬಿಡಬೇಕು’. ಆದ್ದರಿಂದ: "ಆಲ್ ಬೋಟ್ಸ್ ಮಸ್ಟ್ ರಿಟರ್ನ್ ಬೈ ಮೇ 31." ಗೆರೆಯಲ್ಲಿ ಮೇ 31ರ ಹಿಂದೆ ಎಲ್ಲಾದರೂ ಒಂದು ಚುಕ್ಕಿ ಹಾಕಿ. ಬೈ ಅಂದರೆ ಆ ಚುಕ್ಕಿ.

ಬಂದ ಬೋಟುಗಳು ಬಂದರಿನಲ್ಲೇ ಉಳಿಯುತ್ತವೆ. ಇದು ದಿನವೂ ಇರುವ ಸ್ಥಿತಿ. ಆದ್ದರಿಂದ: "ದ ಬೋಟ್ಸ್ ಸ್ಟೇ ಇನ್ ದ ಹಾರ್ಬರ್ ಅಂಟಿಲ್ ಜುಲೈ 31." ಎರಡು ಗುರುತಿನ ನಡುವಿನ ಗೆರೆ ಪೂರ್ತಿ ದಪ್ಪ ಮಾಡಿ. ಅಂಟಿಲ್ ಅಂದರೆ ಆ ದಪ್ಪ ಗೆರೆ.

ಈ ಎರಡು ತಿಂಗಳಲ್ಲಿ ಬೋಟಿನ ರಿಪೇರಿ, ಪೇಂಟಿಂಗ್ ನಡೆಯುತ್ತದೆ. "ದೇ ವರ್ಕ್ ಆನ್ ದ ಬೋಟ್ ಅಂಟಿಲ್ ಜುಲೈ 31" ಎಂದರೆ ಕೆಲಸ ಆ ದಿನದ ತನಕ ನಡೆಯುತ್ತಲೇ ಇರುತ್ತದೆ. "ದೇ ಫಿನಿಶ್ ದ ವರ್ಕ್ ಬೈ ಜುಲೈ 31" ಎಂದರೆ ಆ ದಿನದೊಳಗೆ ಮುಗಿದುಹೋಗುತ್ತದೆ. ಅದೇ ಬೋಟು, ಅದೇ ದಿನಾಂಕ. ಕ್ರಿಯಾಪದ ಬದಲಾಯಿತು, ಪದವೂ ಬದಲಾಯಿತು.

ಈಗ ಬೇಕೆಂದೇ ಅದಲು ಬದಲು ಮಾಡಿ. "ದ ಬೋಟ್ಸ್ ಸ್ಟೇ ಬೈ ಜುಲೈ 31." ಇದರಿಂದ ಸಮಯದ ಅರ್ಥವೇ ಹೊರಡುವುದಿಲ್ಲ. "ಆಲ್ ಬೋಟ್ಸ್ ಮಸ್ಟ್ ರಿಟರ್ನ್ ಅಂಟಿಲ್ ಮೇ 31." ಬೋಟುಗಳು ಮೇ 31ರ ತನಕ ಬರುತ್ತಲೇ ಇರಬೇಕು ಎಂದಾಯಿತು. ತಪ್ಪು ವಾಕ್ಯವನ್ನು ಹೀಗೆ ಕಿವಿಯಾರೆ ಕೇಳುವುದು ಒಳ್ಳೆಯದು. ಮುಂದೆ ಬರೆಯುವಾಗ ತಾನಾಗಿಯೇ ಕಿರಿಕಿರಿ ಆಗುತ್ತದೆ.

ಇದೇ ರೀತಿ ಇನ್ನೆರಡು ಮಾಡಿ. ಯಕ್ಷಗಾನದ ಮೇಳಗಳು ಪತ್ತನಾಜೆಯ ತನಕ, ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನದ ತನಕ ತಿರುಗಾಟ ಮಾಡುತ್ತವೆ. ಮೇ ಕೊನೆಯ ವಾರದ ಹೊತ್ತಿಗೆ ಅದು ಬರುತ್ತದೆ. ತಿರುಗಾಟಕ್ಕೆ ಅಂಟಿಲ್. ಹರಕೆಯ ಆಟವನ್ನು, ಅಂದರೆ ಹರಕೆ ಹೊತ್ತು ಆಡಿಸುವ ಯಕ್ಷಗಾನವನ್ನು, ಈ ವರ್ಷವೇ ಆಡಿಸಿ ಮುಗಿಸಬೇಕೆಂದರೆ ಪತ್ತನಾಜೆಯ ಒಳಗೆ ಆಗಬೇಕು. ಅದಕ್ಕೆ ಬೈ. ಅಷ್ಟ ಮಠಗಳು ಎರಡೆರಡು ವರ್ಷ ಸರದಿಯಲ್ಲಿ ಕೃಷ್ಣಪೂಜೆ ನಡೆಸುವ ಉಡುಪಿಯ ಪರ್ಯಾಯವೂ ಹೀಗೆಯೇ. ಕೃಷ್ಣಾಪುರ ಮಠದ ಪರ್ಯಾಯ 2022ರ ಜನವರಿಯಿಂದ 2024ರ ಜನವರಿ ತನಕ ನಡೆಯಿತು: ಅಂಟಿಲ್. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಈ ನಾಲ್ಕು ಸಿದ್ಧತೆಯ ಮುಹೂರ್ತಗಳು ಹೊಸ ಪರ್ಯಾಯ ಶುರುವಾಗುವ ಜನವರಿ 18ರ ಒಳಗೆ ಮುಗಿದಿರಬೇಕು: ಬೈ.

ಹೆಜ್ಜೆ 3: ಎರಡೂ ಸರಿ, ಅರ್ಥ ಮಾತ್ರ ಉಲ್ಟಾ

ಇದು ನನಗೆ ತುಂಬ ಇಷ್ಟವಾದ ಭಾಗ. ಕೆಲವು ಕ್ರಿಯಾಪದಗಳ ಜೊತೆ ಎರಡೂ ಪದ ಹೊಂದುತ್ತವೆ. ವ್ಯಾಕರಣದ ತಪ್ಪು ಇಲ್ಲವಾದ್ದರಿಂದ ಯಾರೂ ತಿದ್ದುವುದಿಲ್ಲ. ಕೆಲಸ ಕೆಟ್ಟ ಮೇಲೆಯೇ ಗೊತ್ತಾಗುವುದು.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾಗಲು ಉಡುಪಿಯ ಗೆಳತಿಗೆ ಮೆಸೇಜ್ ಹಾಕುತ್ತೀರಿ ಎಂದುಕೊಳ್ಳಿ. ಅವಳ ಬಸ್ ತಲುಪುವುದು ಒಂಬತ್ತೂವರೆಗೆ.

"ಐ ವಿಲ್ ಬಿ ಅಟ್ ಸ್ಟೇಟ್ ಬ್ಯಾಂಕ್ ಅಂಟಿಲ್ ನೈನ್." ಒಂಬತ್ತರ ತನಕ ನೀವು ಅಲ್ಲಿ ಇರುತ್ತೀರಿ, ಆಮೇಲೆ ಹೊರಡುತ್ತೀರಿ. ಅವಳು ಬರುವಾಗ ನೀವಿಲ್ಲ.

"ಐ ವಿಲ್ ಬಿ ಅಟ್ ಸ್ಟೇಟ್ ಬ್ಯಾಂಕ್ ಬೈ ನೈನ್." ಒಂಬತ್ತರ ಒಳಗೆ ನೀವು ಅಲ್ಲಿಗೆ ತಲುಪಿರುತ್ತೀರಿ. ಅವಳು ಬರುವಾಗ ನೀವು ಸಿಗುತ್ತೀರಿ.

ಅಂಟಿಲ್ ಹಾಕಿದರೆ ಒಂಬತ್ತು ಗಂಟೆ ಎಂಬುದು ಕೊನೆ. ಬೈ ಹಾಕಿದರೆ ಬರುವುದಕ್ಕೆ ಇಟ್ಟ ಗಡುವು, ಇರುವುದು ಶುರುವಾಗುವುದು ಆ ಹೊತ್ತಿನೊಳಗೆ. ‘ಇರು’ ಪರೀಕ್ಷೆ ಇಲ್ಲೂ ನಡೆಯುತ್ತದೆ: ‘ಒಂಬತ್ತರ ತನಕ ಇರುತ್ತೇನೆ’, ‘ಒಂಬತ್ತರೊಳಗೆ ಬಂದುಬಿಡುತ್ತೇನೆ’. ಇಂಗ್ಲಿಷ್ ಎರಡಕ್ಕೂ ‘ಬಿ’ ಒಂದನ್ನೇ ಬಳಸಿದೆ, ಕನ್ನಡ ಎರಡು ಕ್ರಿಯಾಪದ ಬಳಸಿದೆ. ಅದಕ್ಕೇ ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು ಬರೆಯಿರಿ.

ಮೇಷ್ಟ್ರು "ರೀಡ್ ದಿಸ್ ಬುಕ್ ಬೈ ಫ್ರೈಡೇ" ಎಂದರೆ ಶುಕ್ರವಾರದೊಳಗೆ ಪುಸ್ತಕ ಓದಿ ಮುಗಿಸಿರಬೇಕು. "ಅಂಟಿಲ್ ಫ್ರೈಡೇ" ಎಂದರೆ ಶುಕ್ರವಾರದ ತನಕ ಓದುತ್ತಾ ಇರಿ, ಮುಗಿಯದಿದ್ದರೂ ಆಯಿತು.

ಇನ್ನೊಂದು ಸೂಕ್ಷ್ಮ ಉಂಟು. "ಕ್ಯಾನ್ ಐ ಬಾರೋ ಯುವರ್ ಸ್ಕೂಟರ್ ಅಂಟಿಲ್ ಸಂಡೇ?" ಕೇಳಿ ತೆಗೆದುಕೊಳ್ಳುವುದು ಒಂದು ಕ್ಷಣದ ಕೆಲಸ ಅಲ್ವಾ, ಹಾಗಾದರೆ ಅಂಟಿಲ್ ಹೇಗೆ ಬಂತು? ಇಲ್ಲಿ ಉಳಿಯುವುದು ಆ ಕೆಲಸದ ಫಲ. ಸ್ಕೂಟರ್ ಭಾನುವಾರದ ತನಕ ನಿಮ್ಮ ಹತ್ತಿರ ಇರುತ್ತದೆ. ಅದೇ ಸ್ಕೂಟರನ್ನು ಹಿಂತಿರುಗಿಸುವ ಮಾತು ಬಂದರೆ ಮತ್ತೆ ಬೈ: "ಐ ವಿಲ್ ರಿಟರ್ನ್ ಇಟ್ ಬೈ ಸಂಡೇ." ಪೋಸ್ಟ್‌ಪೋನ್, ಸಸ್ಪೆಂಡ್, ಕ್ಲೋಸ್ ಇವೂ ಇದೇ ಜಾತಿ. "ದ ಮ್ಯಾಚ್ ಈಸ್ ಪೋಸ್ಟ್‌ಪೋನ್ಡ್ ಅಂಟಿಲ್ ಸಾಟರ್‌ಡೇ." "ದ ರೋಡ್ ಈಸ್ ಕ್ಲೋಸ್ಡ್ ಅಂಟಿಲ್ ಜೂನ್." ಮಾಡಿದ್ದು ಒಂದು ಸಲ, ಹಾಗೇ ಇರುವುದು ಅಷ್ಟು ದಿನ.

ಅರ್ಜಿಯ ಜಾಹೀರಾತುಗಳಲ್ಲಿ ಎರಡೂ ಪದ ಕಂಡು ಗೊಂದಲವಾಗುವುದು ಸಹಜ. "ಅಪ್ಲಿಕೇಶನ್ಸ್ ವಿಲ್ ಬಿ ಅಕ್ಸೆಪ್ಟೆಡ್ ಅಂಟಿಲ್ ಮೇ 31" ಎಂದು ಒಂದು ಕಡೆ, "ಅಪ್ಲೈ ಬೈ ಮೇ 31" ಎಂದು ಇನ್ನೊಂದು ಕಡೆ. ಕೊನೆಯ ದಿನ ಒಂದೇ. ಆಫೀಸಿನವರು ಆ ದಿನದ ತನಕ ಅರ್ಜಿ ತೆಗೆದುಕೊಳ್ಳುತ್ತಾ ಇರುತ್ತಾರೆ. ನೀವು ಆ ದಿನದೊಳಗೆ ಒಂದು ಸಲ ಹಾಕಿಬಿಡಬೇಕು. ಮಾತು ಯಾರ ಕಡೆಯಿಂದ ಬರುತ್ತಿದೆ ಎಂದು ನೋಡಿದರೆ ಸಾಕು.

ಹೆಜ್ಜೆ 4: ‘ಒಳಗೆ’ ಎಂದ ಕೂಡಲೇ ವಿದಿನ್ ಬರೆಯಬೇಡಿ

"ಐ ವಿಲ್ ಕಮ್ ವಿದಿನ್ ಫೈವ್ ಓ ಕ್ಲಾಕ್." ಇದನ್ನು ಕೇಳದವರು ನಮ್ಮಲ್ಲಿ ಕಡಿಮೆ. ಕಾರಣ ಕನ್ನಡದಲ್ಲೇ ಇದೆ. ‘ಐದು ಗಂಟೆಯ ಒಳಗೆ ಬರುತ್ತೇನೆ’ ಎಂಬ ವಾಕ್ಯಕ್ಕೆ ನಮ್ಮಲ್ಲಿ ಎರಡು ಅರ್ಥ ಬರಬಹುದು. ಗಡಿಯಾರ ಐದು ತೋರಿಸುವ ಮೊದಲು ಬರುತ್ತೇನೆ ಎಂಬುದು ಒಂದು. ಈಗಿನಿಂದ ಐದು ಗಂಟೆ ಕಳೆಯುವ ಮೊದಲು ಬರುತ್ತೇನೆ ಎಂಬುದು ಇನ್ನೊಂದು. ಮಾತಿನ ಸಂದರ್ಭ ನೋಡಿ ನಾವು ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಇವೆರಡನ್ನು ಬೇರೆ ಬೇರೆ ಇಡುತ್ತದೆ.

ಗಡಿಯಾರದ ಸಮಯವೋ ಕ್ಯಾಲೆಂಡರಿನ ದಿನವೋ ಆದರೆ ಬೈ: ಬೈ ಫೈವ್ ಓ ಕ್ಲಾಕ್, ಬೈ ಮಂಡೇ, ಬೈ ಮೇ 31. ಎಣಿಸುವ ಅವಧಿಯಾದರೆ ವಿದಿನ್: ವಿದಿನ್ ಫೈವ್ ಅವರ್ಸ್, ವಿದಿನ್ ಟೂ ಡೇಸ್, ವಿದಿನ್ ಎ ವೀಕ್. ‘ವಿದಿನ್ ಮಂಡೇ’ ಎಂದು ಬರೆಯಲು ಹೊರಟರೆ ಕೈ ತಡೆಯಿರಿ. ಸೋಮವಾರವನ್ನು ಎಣಿಸಲು ಆಗುವುದಿಲ್ಲ.

ಇಲ್ಲಿ ಇನ್ ಎಂಬುದೂ ಒಂದು ಉಂಟು. "ಐ ವಿಲ್ ಬಿ ದೇರ್ ಇನ್ ಟೆನ್ ಮಿನಿಟ್ಸ್" ಎಂದರೆ ಸುಮಾರು ಹತ್ತು ನಿಮಿಷ ಕಳೆದ ಮೇಲೆ ಅಲ್ಲಿರುತ್ತೇನೆ. "ವಿದಿನ್ ಟೆನ್ ಮಿನಿಟ್ಸ್" ಎಂದರೆ ಹತ್ತು ನಿಮಿಷ ದಾಟುವುದಿಲ್ಲ, ಎರಡೇ ನಿಮಿಷದಲ್ಲೂ ಬರಬಹುದು. ಭರವಸೆ ಕೊಡುವಾಗ ವಿದಿನ್ ಗಟ್ಟಿ.

ಬೈ ಮತ್ತು ಬಿಫೋರ್ ನಡುವೆ ಒಂದು ದಿನದ ವ್ಯತ್ಯಾಸ. "ಬೈ ಫ್ರೈಡೇ" ಎಂದರೆ ಶುಕ್ರವಾರ ಕೊಟ್ಟರೂ ಆಯಿತು. "ಬಿಫೋರ್ ಫ್ರೈಡೇ" ಎಂದರೆ ಗುರುವಾರವೇ ಕೊನೆ. ಪರೀಕ್ಷೆಯ ಫೀಸು, ಟೆಂಡರು, ವೀಸಾ ಕಾಗದ ಇಂಥವುಗಳಲ್ಲಿ ಈ ಎರಡು ಪದಗಳನ್ನು ಬೆರಳಿಟ್ಟು ಓದಿ.

ಹೆಜ್ಜೆ 5: ‘ವರೆಗೆ’ ಎಲ್ಲ ಕಡೆ ಅಂಟಿಲ್ ಆಗುವುದಿಲ್ಲ

ನಮ್ಮ ‘ವರೆಗೆ’, ‘ತನಕ’ ತುಂಬ ದೊಡ್ಡ ಮನಸ್ಸಿನ ಪದಗಳು. ಸಮಯಕ್ಕೂ ಬರುತ್ತವೆ, ಜಾಗಕ್ಕೂ ಬರುತ್ತವೆ, ಲೆಕ್ಕಕ್ಕೂ ಬರುತ್ತವೆ. ತುಳುವಿನ ‘ಮುಟ್ಟ’ ಕೂಡ ಹಾಗೆಯೇ: ಉಡುಪಿ ಮುಟ್ಟ, ಸೋಮವಾರ ಮುಟ್ಟ. ಅಂಟಿಲ್ ಮುಖ್ಯವಾಗಿ ಸಮಯದ ಪದ.

ಬಸ್ಸಿನಲ್ಲಿ ಕುಂದಾಪುರದ ವರೆಗೆ ಟಿಕೆಟ್ ಕೇಳುವಾಗ "ಟಿಲ್ ಕುಂದಾಪುರ" ಎಂದು ನಮ್ಮ ದೇಶದಲ್ಲಿ ಎಲ್ಲರೂ ಹೇಳುತ್ತಾರೆ, ಕಂಡಕ್ಟರಿಗೂ ಅರ್ಥವಾಗುತ್ತದೆ. ಬರವಣಿಗೆಯಲ್ಲಿ ಮಾತ್ರ "ಟು ಕುಂದಾಪುರ" ಅಥವಾ "ಆ್ಯಸ್ ಫಾರ್ ಆ್ಯಸ್ ಕುಂದಾಪುರ" ಎಂದು ಬರೆಯಿರಿ. ಪುಟ, ಸಂಖ್ಯೆ, ಮೊತ್ತಕ್ಕೆ ಅಪ್ ಟು: "ಅಪ್ ಟು ಪೇಜ್ 40", "ಅಪ್ ಟು 50 ಸ್ಟೂಡೆಂಟ್ಸ್".

‘ನಾನು ಇರುವ ತನಕ ನಿನಗೆ ಏನೂ ತೊಂದರೆ ಇಲ್ಲ.’ ಇದನ್ನು "ಅಂಟಿಲ್ ಐ ಆ್ಯಮ್ ಹಿಯರ್" ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ನಾನು ಇಲ್ಲಿಗೆ ಬರುವ ತನಕ ತೊಂದರೆ ಇಲ್ಲ, ಬಂದ ಮೇಲೆ ತೊಂದರೆ ಎಂಬ ಹಾಗೆ ಕೇಳುತ್ತದೆ. ಇಲ್ಲಿ ಬೇಕಾದದ್ದು "ಆ್ಯಸ್ ಲಾಂಗ್ ಆ್ಯಸ್ ಐ ಆ್ಯಮ್ ಹಿಯರ್". ‘ಇರುವಷ್ಟು ಕಾಲ’ ಎಂದು ಬದಲಿಸಿ ಹೇಳಿದಾಗಲೂ ಅರ್ಥ ಉಳಿದರೆ ಅಲ್ಲಿ ಅಂಟಿಲ್ ಹಾಕಬಾರದು.

‘ಇಲ್ಲಿಯವರೆಗೆ ಸಂಬಳ ಬಂದಿಲ್ಲ’ ಎಂಬುದಕ್ಕೆ "ಟಿಲ್ ನೌ ಸ್ಯಾಲರಿ ನಾಟ್ ಕಮ್" ಎಂದು ಬರೆಯುವವರಿದ್ದಾರೆ. "ಐ ಹ್ಯಾವ್ ನಾಟ್ ರಿಸೀವ್ಡ್ ಮೈ ಸ್ಯಾಲರಿ ಯೆಟ್" ಎಂದರೆ ನೆಟ್ಟಗಾಗುತ್ತದೆ. ಟಿಲ್ ನೌ ಎಂದಾಗ ಇಷ್ಟು ದಿನ ಹೀಗಿತ್ತು, ಈಗ ಬದಲಾಯಿತು ಎಂಬ ಛಾಯೆ ಬರಬಹುದು. ಬಾಕಿ ಹಣ ಕೇಳುವ ಪತ್ರದಲ್ಲಿ ಅದು ಬೇಡ.

ಹೆಜ್ಜೆ 6: ‘ಇಲ್ಲ’ ಬಂದಾಗ ಎರಡು ಸಲ ಓದಿ

ಇಡೀ ವಿಷಯದಲ್ಲಿ ಹೆಚ್ಚು ಹಾನಿ ಮಾಡುವುದು ಇದೇ. ಊರಿಂದ ಮಣಿಪಾಲದ ಆಸ್ಪತ್ರೆಗೆ ಪರೀಕ್ಷೆಗೆ ಬಂದವರಿಗೆ ಲ್ಯಾಬಿನವರು ಹೇಳುತ್ತಾರೆ ಎಂದುಕೊಳ್ಳಿ:

"ದ ರಿಪೋರ್ಟ್ ವೋಂಟ್ ಬಿ ರೆಡಿ ಅಂಟಿಲ್ ಮಂಡೇ." ಸೋಮವಾರಕ್ಕಿಂತ ಮೊದಲು ಸಿಗುವುದಿಲ್ಲ, ಸೋಮವಾರ ಸಿಗುತ್ತದೆ. ಅವತ್ತು ಬನ್ನಿ.

"ದ ರಿಪೋರ್ಟ್ ವೋಂಟ್ ಬಿ ರೆಡಿ ಬೈ ಮಂಡೇ." ಸೋಮವಾರವೂ ಸಿಗುವುದಿಲ್ಲ. ಅವತ್ತು ಬಂದರೆ ಬಸ್ ಚಾರ್ಜು ದಂಡ.

ರೆಡಿ ಆಗುವುದು ‘ಬಿಡು’ ಗುಂಪಿನ ಮಾತಲ್ವಾ, ಮೊದಲ ವಾಕ್ಯದಲ್ಲಿ ಅಂಟಿಲ್ ಹೇಗೆ ಬಂತು ಎಂದು ನೀವು ಕೇಳಬಹುದು. ಕನ್ನಡದಲ್ಲಿ ಹೇಳಿ ನೋಡಿ: ‘ಸೋಮವಾರದ ತನಕ ಆಗದೆ ಇರುತ್ತದೆ.’ ಆಗದೇ ‘ಇರುವುದು’ ಮುಂದುವರಿಯುತ್ತದೆ. ನಮ್ಮ ‘ಇರು’ ಅಲ್ಲೇ ಕೂತಿದೆ. ಅದಕ್ಕೇ ಇಲ್ಲ ಎನ್ನುವ ವಾಕ್ಯದಲ್ಲಿ ಯಾವ ಕ್ರಿಯಾಪದದ ಜೊತೆಗೂ ಅಂಟಿಲ್ ಬರಬಹುದು: "ಹಿ ಡಿಡಂಟ್ ಅರೈವ್ ಅಂಟಿಲ್ ಟೆನ್." ಹತ್ತರ ತನಕ ಬಾರದೆ ಇದ್ದ, ಹತ್ತಕ್ಕೆ ಬಂದ.

ಇಲ್ಲಿ ಇನ್ನೊಂದು ಕಡೆ ಜಾರುತ್ತೇವೆ. ‘ಫೀಸು ಕಟ್ಟದ ಹೊರತು ಹಾಲ್ ಟಿಕೆಟ್ ಕೊಡುವುದಿಲ್ಲ’ ಎಂಬ ಮಾತು ತಲೆಯಲ್ಲಿ ಇಟ್ಟುಕೊಂಡು "ಅಂಟಿಲ್ ಯು ಡೋಂಟ್ ಪೇ" ಎಂದು ಬರೆಯುತ್ತೇವೆ. ಅಂಟಿಲ್ ಆದ ಮೇಲೆ ಬರುವ ಭಾಗದಲ್ಲಿ ‘ಡೋಂಟ್’ ಬೇಡ. "ವಿ ವೋಂಟ್ ಗಿವ್ ದ ಹಾಲ್ ಟಿಕೆಟ್ ಅಂಟಿಲ್ ಯು ಪೇ." ‘ಅಂಟಿಲ್ ಆ್ಯಂಡ್ ಅನ್‌ಲೆಸ್’ ಎಂದು ಜೋಡಿ ಹಾಕುವ ಅಭ್ಯಾಸವನ್ನೂ ಬಿಡಿ. ಕಾಲದ ಮಾತಾದರೆ ಅಂಟಿಲ್ ಸಾಕು, ಷರತ್ತಿನ ಮಾತಾದರೆ ಅನ್‌ಲೆಸ್ ಸಾಕು.

ಹೆಜ್ಜೆ 7: ಪದ ಆದ ಮೇಲೆ ಇಡೀ ವಾಕ್ಯ ಬಂದರೆ

ಅಂಟಿಲ್ ಆದ ಮೇಲೆ ದಿನಾಂಕವೂ ಬರುತ್ತದೆ, ಇಡೀ ವಾಕ್ಯವೂ ಬರುತ್ತದೆ: "ವೇಟ್ ಅಂಟಿಲ್ ದ ರೇನ್ ಸ್ಟಾಪ್ಸ್." ಮುಂದಿನ ಮಾತಾದರೂ ಅಲ್ಲಿ ‘ವಿಲ್’ ಹಾಕುವಂತಿಲ್ಲ. "ಅಂಟಿಲ್ ದ ರೇನ್ ವಿಲ್ ಸ್ಟಾಪ್" ತಪ್ಪು.

ಬೈ ಹಾಗೆ ನೇರವಾಗಿ ವಾಕ್ಯವನ್ನು ಹೊರುವುದಿಲ್ಲ. "ಬೈ ದ ರೇನ್ ಸ್ಟಾಪ್ಸ್" ಎನ್ನಲಾಗದು. ನಡುವೆ ‘ದ ಟೈಮ್’ ಬೇಕು. ಕನ್ನಡದ ‘ಹೊತ್ತಿಗೆ’ ಇದಕ್ಕೆ ಸರಿಯಾದ ಜೋಡಿ. ‘ಬಸ್ ಉಡುಪಿ ತಲುಪುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ’: "ಬೈ ದ ಟೈಮ್ ದ ಬಸ್ ರೀಚಸ್ ಉಡುಪಿ, ದ ಶಾಪ್ ವಿಲ್ ಹ್ಯಾವ್ ಕ್ಲೋಸ್ಡ್." ‘ಅಷ್ಟರೊಳಗೆ’ ಎಂದರೆ ಬೈ ದೆನ್, ‘ಅಲ್ಲಿಯ ತನಕ’ ಎಂದರೆ ಅಂಟಿಲ್ ದೆನ್.

ಬೈ ಇರುವಲ್ಲಿ ‘ಹ್ಯಾವ್’ ಅಥವಾ ‘ಹ್ಯಾಡ್’ ಬರುವುದು ತುಂಬ ಸಾಮಾನ್ಯ, ಯಾಕೆಂದರೆ ಕೆಲಸ ಆಗಿಹೋಗಿದೆ ಎಂದು ಹೇಳುವುದೇ ಬೈಯ ಉದ್ದೇಶ. ಉಡುಪಿಯೂ ಸೇರಿದ್ದ ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ವಾಕ್ಯಗಳು ಸಿಗುತ್ತವೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಇಷ್ಟನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು: "ಬೈ 1931, ದ ಡಿಸ್ಟ್ರಿಕ್ಟ್ ಹ್ಯಾಡ್ ಸ್ಟಾರ್ಟೆಡ್ ಫೈವ್ ಬ್ಯಾಂಕ್ಸ್." ಎಲ್ಲ ಒಂದೇ ವರ್ಷ ಆಗದಿದ್ದರೂ 1931ರ ಹೊತ್ತಿಗೆ ಐದೂ ಆಗಿದ್ದವು.

ಸ್ಥಿತಿಯಾದರೆ ಅಂಟಿಲ್. "ಉಡುಪಿ ವಾಸ್ ಪಾರ್ಟ್ ಆಫ್ ದಕ್ಷಿಣ ಕನ್ನಡ ಅಂಟಿಲ್ 1997." "ಕಾಸರಗೋಡು ವಾಸ್ ಪಾರ್ಟ್ ಆಫ್ ಸೌತ್ ಕೆನರಾ ಅಂಟಿಲ್ 1956." ಮಂಗಳೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರ ತನಕ ಅಧಿಕೃತವಾಗಿ ಮ್ಯಾಂಗಲೋರ್ ಎಂದಿತ್ತು, ಅದಕ್ಕೂ ಅಂಟಿಲ್. ಮಕ್ಕಳಿಗೆ ಹೇಳಿಕೊಡುವವರು ತಮ್ಮ ಊರಿನ ಇಂಥ ಇಸವಿಗಳನ್ನೇ ತೆಗೆದುಕೊಳ್ಳಲಿ ಎಂಬುದು ನನ್ನ ಆಸೆ. ಲಂಡನ್ನಿನ ರೈಲಿನ ಉದಾಹರಣೆಗಿಂತ ಬೇಗ ನಾಟುತ್ತದೆ.

ಹೆಜ್ಜೆ 8: ಆಫೀಸಿನ ಮೇಲ್ ಬರೆಯುವಾಗ

ಪದ ಸರಿಯಾಗಿ ಹಾಕಿದ ಮೇಲೂ ಕೆಲವು ಕಡೆ ಸಂಶಯ ಉಳಿಯುತ್ತದೆ. "ಐ ಆ್ಯಮ್ ಆನ್ ಲೀವ್ ಅಂಟಿಲ್ ಫ್ರೈಡೇ" ಎಂದರೆ ಶುಕ್ರವಾರ ಕೆಲಸಕ್ಕೆ ಬರುತ್ತೀರಾ, ಇಲ್ಲವಾ? ಇಂಗ್ಲಿಷ್ ಮಾತೃಭಾಷೆಯವರಿಗೂ ಇದು ಸ್ಪಷ್ಟವಿಲ್ಲ. ಮೀನುಗಾರಿಕೆಯ ಆದೇಶದಲ್ಲಿ ಜುಲೈ 31 ನಿಷೇಧದೊಳಗೇ ಸೇರಿದೆ, ಬೋಟು ಇಳಿಯುವುದು ಆಗಸ್ಟ್ 1ಕ್ಕೆ. ಆ ದಿನವೂ ಸೇರಿದೆ ಎಂದು ಹೇಳಬೇಕಾದರೆ "ಅಪ್ ಟು ಆ್ಯಂಡ್ ಇನ್‌ಕ್ಲೂಡಿಂಗ್" ಎಂದು ಬರೆಯಿರಿ. ಅಮೆರಿಕದವರು "ಥ್ರೂ ಫ್ರೈಡೇ" ಎನ್ನುತ್ತಾರೆ, ಅದರಲ್ಲಿ ಶುಕ್ರವಾರ ಸೇರಿದೆ. ರಜೆಯ ಮೇಲ್‌ನಲ್ಲಿ ಇನ್ನೂ ಸುಲಭ ದಾರಿ: "ಐ ವಿಲ್ ಬಿ ಬ್ಯಾಕ್ ಆನ್ ಮಂಡೇ" ಎಂದು ಬರುವ ದಿನವನ್ನೇ ಹೇಳಿಬಿಡಿ.

ಬೈ ಜೊತೆ ದಿನ ಮಾತ್ರ ಕೊಟ್ಟರೆ ಸಾಲದು, ಗಂಟೆಯನ್ನೂ ಕೊಡಿ. "ಬೈ 5 ಪಿ.ಎಂ. ಆನ್ ಫ್ರೈಡೇ." ಕೊಲ್ಲಿ ದೇಶದವರ ಜೊತೆ ವ್ಯವಹಾರವಾದರೆ ಯಾರ ಗಡಿಯಾರ ಎಂದೂ ಬರೆಯಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ದುಬೈಯವರು ಸಂಜೆ ಐದು ಎಂದರೆ ಇಲ್ಲಿ ಆರೂವರೆ. ಮಧ್ಯರಾತ್ರಿ ಗಡುವಾದರೆ "ಬೈ ಮಿಡ್‌ನೈಟ್" ಬೇಡ, ಯಾವ ದಿನದ ಮಧ್ಯರಾತ್ರಿ ಎಂಬ ಪ್ರಶ್ನೆ ಬರುತ್ತದೆ. "ಬೈ 11.59 ಪಿ.ಎಂ." ಎಂದು ಬರೆದರೆ ಮುಗಿಯಿತು.

ಹೆಜ್ಜೆ 9: ಈಗ ನೀವೇ ಮಾಡಿ

ಖಾಲಿ ಜಾಗದಲ್ಲಿ ಯಾವುದು ಬರುತ್ತದೆ? ಉತ್ತರ ಓದುವ ಮೊದಲು ‘ಇರು’, ‘ಬಿಡು’ ಹೇಳಿಕೊಳ್ಳಿ.

"ದ ಲೈಬ್ರರಿ ಈಸ್ ಓಪನ್ ___ 8 ಪಿ.ಎಂ." ತೆರೆದೇ ಇರುತ್ತದೆ, ಅಂಟಿಲ್.

"ಪ್ಲೀಸ್ ರಿಪ್ಲೈ ___ ಟುಮಾರೋ ಈವನಿಂಗ್." ಉತ್ತರ ಕೊಟ್ಟುಬಿಡಿ, ಬೈ.

"ಮೈ ಪಾಸ್‌ಪೋರ್ಟ್ ಈಸ್ ವ್ಯಾಲಿಡ್ ___ 2030. ಐ ಹ್ಯಾವ್ ಟು ರಿನ್ಯೂ ಇಟ್ ___ ದೆನ್." ಮೊದಲನೆಯದು ಸ್ಥಿತಿ, ಅಂಟಿಲ್. ಎರಡನೆಯದು ಒಂದು ಸಲದ ಕೆಲಸ, ಬೈ.

"ಡೋಂಟ್ ಸೈನ್ ___ ಯು ರೀಡ್ ಎವ್ರಿ ಪೇಜ್." ಖಾಲಿ ಜಾಗ ಆದ ಮೇಲೆ ಇಡೀ ವಾಕ್ಯ ಇದೆ, ಬೈ ಅದನ್ನು ಹೊರುವುದಿಲ್ಲ. ಸಹಿ ಹಾಕದೆ ಇರಿ ಎಂಬ ಅರ್ಥವೂ ಉಂಟು. ಅಂಟಿಲ್.

"ಶಿ ಹ್ಯಾಡ್ ನಾಟ್ ಕಮ್ ಹೋಮ್ ___ ಟೆನ್." ಇಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಹೇಳದೆ ಉತ್ತರ ಸಿಗುವುದಿಲ್ಲ. ಹತ್ತು ಗಂಟೆಗೆ ನೋಡಿದಾಗ ಇನ್ನೂ ಬಂದಿರಲಿಲ್ಲ, ಎಲ್ಲರಿಗೂ ಗಾಬರಿ ಎಂದಾದರೆ ಬೈ. ಹತ್ತಕ್ಕೆ ಬಂದಳು, ಅದಕ್ಕಿಂತ ಮೊದಲು ಬರಲಿಲ್ಲ ಎಂದಾದರೆ ಅಂಟಿಲ್, ಆಗ ‘ಹ್ಯಾಡ್ ನಾಟ್ ಕಮ್’ ಬದಲು ‘ಡಿಡಂಟ್ ಕಮ್’ ಎಂದು ಬರೆಯಿರಿ.